ಹೊಸ್ತಿಲ ಅರಿಶಿನ ಕೆಂಪಾದಾಗ

ಒಂದು ಶುಕ್ರವಾರ ಬೆಳಿಗ್ಗೆ ಎದುರುಮನೆಯ ಸೊಸೆ ನಮ್ಮ ಗೇಟಿನ ಹತ್ತಿರ ಬಂದು ನಿಂತು, "ಮೇಡಂ, ಒಂದು ನಿಮಿಷ ಬರ್ತೀರಾ?" ಎಂದು ಪಿಸುದನಿಯಲ್ಲಿ ಕರೆದಳು. ಒಲೆಯ ಮೇಲಿದ್ದ ಹಾಲು ಇಳಿಸಿ ಹೋದೆ. ಅವರ ಮನೆಯ ಹೊಸ್ತಿಲಿಗೆ ಹಚ್ಚಿದ್ದ ಅರಿಶಿನ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. "ಇವತ್ತೊಂದೇ ದಿನ ಅಲ್ಲ ಮೇಡಂ, ಮೂರು ವಾರದಿಂದ ಹೀಗೇ ಆಗ್ತಿದೆ. ಹಚ್ಚೋವಾಗ ಚೆನ್ನಾಗೇ ಇರುತ್ತೆ, ನೋಡ್ತಾ ನೋಡ್ತಾ ಕೆಂಪಗಾಗುತ್ತೆ. ಯಾರೋ ಮಾಟ ಮಾಡ್ಸಿದಾರೆ ಅಂತ ಅತ್ತೆ ಊಟ ಬಿಟ್ಟು ಕೂತಿದಾರೆ. ಮೊನ್ನೆ ಯಂತ್ರ ಬೇರೆ ಕಟ್ಟಿಸ್ಕೊಂಡು ಬಂದ್ರು."

ಮದುವೆಮನೆಯಲ್ಲಿ ಆರತಿಯ ನೀರು ಕಲಸುವುದು ಹೇಗೆಂದು ನಮ್ಮಲ್ಲಿ ಯಾರಿಗೆ ತಿಳಿಯದು? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಹಾಗಾದರೆ ಇಲ್ಲಿ ಸುಣ್ಣ ಹಾಕಿದವರು ಯಾರು? ನಾನು ಕೇಳಿದ್ದು ಒಂದೇ ಪ್ರಶ್ನೆ: "ಅರಿಶಿನ ಯಾವ ನೀರಲ್ಲಿ ಕಲಸಿದೆಯಮ್ಮ?" "ಬೋರಿಂಗ್ ನೀರು ಮೇಡಂ. ನಲ್ಲಿ ನೀರು ಕುಡಿಯೋಕೆ ಅಂತ ಇಟ್ಕೊಂಡಿದೀವಿ."

ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಆಮ್ಲ, ಕ್ಷಾರ ಎಂದು ಪಾಠ ಹೇಳಿದವಳು ನಾನು. ಅರಿಶಿನದ ಕಾಗದ ಮಾಡಿಸಿ, ಸೋಪಿನ ನೀರಲ್ಲಿ ಅದ್ದಿಸಿ, ಕೆಂಪಾದರೆ ಕ್ಷಾರ ಎಂದು ಬರೆಸಿದವಳು. ಅದೇ ಬೋರಿಂಗಿನ ನೀರಿನಲ್ಲಿ ನಾನೂ ಬಟ್ಟೆ ಒಗೆಯುತ್ತಿದ್ದೆ, ನೆಲ ಒರೆಸುತ್ತಿದ್ದೆ. ಕೈ ಉರಿದರೆ ಸೋಪು ಸರಿಯಿಲ್ಲವೆಂದು ಸೋಪು ಬದಲಾಯಿಸಿದ್ದೆ. ಓದಿದ ನನಗೆ ಕಾಣದ್ದು, ಹೊಸ್ತಿಲು ಸಾರಿಸುವ ಹುಡುಗಿಗೆ ಕಂಡಿತ್ತು. ನನಗೆ ನಾಚಿಕೆಯಾಯಿತು.

ನಮ್ಮ ಬೀದಿಯ ಹಿಂದೆ ಎತ್ತರದ ಕಾಂಪೌಂಡಿನೊಳಗೆ ಒಂದು ಕಾಲದಲ್ಲಿ ಗ್ಯಾಸ್ ಕಾರ್ಖಾನೆಯಿತ್ತು. ಅಡುಗೆ ಗ್ಯಾಸಲ್ಲ, ವೆಲ್ಡಿಂಗ್ ಅಂಗಡಿಗಳಲ್ಲಿ ಬಳಸುವ ಅಸಿಟಿಲಿನ್ ಗ್ಯಾಸು. ಅದರ ಹೆಸರನ್ನಾಗಲಿ ಬೀದಿಯ ಹೆಸರನ್ನಾಗಲಿ ನಾನಿಲ್ಲಿ ಬರೆಯುವುದಿಲ್ಲ. ತುಮಕೂರಿನಂಥ ಊರುಗಳಲ್ಲಿ ಬೀಗ ಬಿದ್ದ ಕಾಂಪೌಂಡು ಅದೊಂದೇ ಅಲ್ಲ, ಓದುವವರು ತಮ್ಮ ಊರಿನದನ್ನು ನೆನೆಸಿಕೊಳ್ಳಲಿ. ಆ ಗ್ಯಾಸು ಹುಟ್ಟುವ ಬಗೆ ಬಹಳ ಸುಲಭ. ಮಾವಿನಕಾಯಿ ಹಣ್ಣು ಮಾಡಲು ಕದ್ದುಮುಚ್ಚಿ ಬಳಸುತ್ತಾರಲ್ಲ, ಆ ಕಾರ್ಬೈಡಿನ ಕಲ್ಲಿಗೆ ನೀರು ಬಿದ್ದರೆ ಗ್ಯಾಸು ಮೇಲೇಳುತ್ತದೆ, ಕೆಳಗೆ ಸುಣ್ಣದ ಕೆಸರು ಉಳಿಯುತ್ತದೆ. ಒಂದು ಕಿಲೋ ಕಾರ್ಬೈಡಿಗೆ, ಒಣಗಿದ ಲೆಕ್ಕದಲ್ಲಿ, ಒಂದು ಕಿಲೋಗೂ ಮಿಕ್ಕಿ ಸುಣ್ಣ. ಅಂದರೆ ಆ ಕಾರ್ಖಾನೆಯವರು ಸಿಲಿಂಡರಿನಲ್ಲಿ ತುಂಬಿ ಮಾರಿದ್ದಕ್ಕಿಂತ ಹಿಂದಿನ ಗುಂಡಿಗೆ ಸುರಿದದ್ದೇ ಹೆಚ್ಚು. ಗುಂಡಿಯ ತಳಕ್ಕೆ ಕಾಂಕ್ರೀಟಿರಲಿಲ್ಲ. ಬೆಳ್ಳುಳ್ಳಿ ಕೊಳೆತಂತೆ ವಾಸನೆ ಬರುತ್ತಿದ್ದ ಆ ಬಿಳಿಯ ಕೆಸರನ್ನು ದೀಪಾವಳಿಗೆ ಮುಂಚೆ ಬಕೆಟ್ಟಿನಲ್ಲಿ ತಂದು ಗೋಡೆಗೆ ಬಳಿದವರು ನಮ್ಮಲ್ಲೇ ಇದ್ದಾರೆ. ಬಿಟ್ಟಿ ಸುಣ್ಣ ಎಂದು ನಾವೂ ಸಂತೋಷಪಟ್ಟಿದ್ದೆವು!

ಕಾರ್ಖಾನೆ ಮುಚ್ಚಿತು. ಯಂತ್ರಗಳನ್ನು ಬಿಚ್ಚಿ ಲಾರಿಗೆ ಹೇರಿದರು, ತಗಡು ಗುಜರಿಗೆ ಹೋಯಿತು. ಗುಂಡಿಯ ಮೇಲೆ ಮಣ್ಣು ಎಳೆದು ಸಮ ಮಾಡಿದರು. ಕೆಲವು ಮಳೆಗಾಲ ಕಳೆದ ಮೇಲೆ ಹೊಸ್ತಿಲು ಕೆಂಪಾಯಿತು.

ನಾವು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಕ್ಕಳ ಡ್ರಾಯಿಂಗ್ ಪುಸ್ತಕದ ಹಾಳೆಗೆ ಅರಿಶಿನದ ನೀರು ಸವರಿ, ನೆರಳಲ್ಲಿ ಒಣಗಿಸಿ, ಪಟ್ಟಿ ಪಟ್ಟಿಯಾಗಿ ಕತ್ತರಿಸಿದೆವು. ನಾಲ್ಕು ಜನ ಹೆಂಗಸರು ಮನೆಮನೆಗೆ ಹೋಗಿ 17 ಬೋರ್‌ವೆಲ್‌ಗಳ ನೀರಿನಲ್ಲಿ ಒಂದೊಂದು ಪಟ್ಟಿ ಅದ್ದಿ, ನೋಟ್‌ಬುಕ್ಕಿಗೆ ಅಂಟಿಸಿ, ಪಕ್ಕದಲ್ಲಿ ತಾರೀಖು ಮತ್ತು ಮನೆ ನಂಬರು ಬರೆದೆವು. ಬೋರು ಎಷ್ಟು ಅಡಿ, ಸೋಪಿನ ನೊರೆ ಬರುತ್ತದೆಯೇ, ಟೀ ಕಪ್ಪಾಗುತ್ತದೆಯೇ, ಹಂಡೆಯ ಒಳಗೆ ಬಿಳಿ ಹಕ್ಕಳೆ ಕಟ್ಟುತ್ತದೆಯೇ, ಯಾವಾಗಿನಿಂದ ಎಂದು ಕೇಳಿದೆವು. ಗಂಡಸರನ್ನು ಕೇಳಿದರೆ "ನೀರು ಚೆನ್ನಾಗೇ ಇದೆಯಲ್ಲ" ಎಂದರು. ಅಡುಗೆಮನೆಯಿಂದ ಬಂದ ಉತ್ತರ ಬೇರೆಯೇ ಇತ್ತು. ಒಬ್ಬ ಅಜ್ಜಿ, ಮೊಮ್ಮಗಳು ಹುಟ್ಟಿದ ವರ್ಷದಿಂದ ಬಚ್ಚಲಿನ ಹಂಡೆ ಹಕ್ಕಳೆ ಕಟ್ಟುತ್ತಿದೆ ಎಂದು ವರ್ಷ ಹಿಡಿದು ಹೇಳಿದರು. ಯಾವ ಕಚೇರಿಯ ಕಡತದಲ್ಲಿದೆ ಇಂಥ ದಾಖಲೆ?

ನಂತರ ಬೀದಿಯ ನಕಾಶೆ ಬರೆದು ಗುರುತು ಹಾಕಿದೆವು. ಕಾಂಪೌಂಡಿಗಿಂತ ಎತ್ತರದಲ್ಲಿದ್ದ ಮನೆಗಳ ಪಟ್ಟಿಗಳೆಲ್ಲ ಹಳದಿ. ಕೆಂಪಾದದ್ದು ಐದು, ಐದೂ ಕಾಂಪೌಂಡಿನಿಂದ ರಾಜಕಾಲುವೆಯ ಕಡೆಗೆ ಇಳಿಜಾರಿನಲ್ಲಿದ್ದ ಮನೆಗಳು. ಬೀದಿಯ ಬೋರಿಂಗೂ ಅದೇ ಕಡೆ. ಆದರೆ ಆ ಇಳಿಜಾರಿನಲ್ಲೇ ನಡುವೆ ಎರಡು ಮನೆಗಳ ನೀರು ಕೆಟ್ಟಿರಲಿಲ್ಲ. ಇದನ್ನೇ ಹಿಡಿದು ಮುಂದೆ ಒಬ್ಬ ಮಹಾಶಯರು ನಮ್ಮ ಬಾಯಿ ಮುಚ್ಚಿಸಲು ನೋಡಿದರು. ನಮ್ಮ ನೆಲ ಗಟ್ಟಿ ಬಂಡೆಯ ನೆಲ. ಇಲ್ಲಿ ನೀರು ಮರಳಿನಲ್ಲಿ ಹರಡುವಂತೆ ಹರಡದು, ಬಂಡೆಯ ಬಿರುಕು ಹಿಡಿದು ಹೋಗುತ್ತದೆ. ಒಂದೇ ಸೈಟಿನಲ್ಲಿ ಒಂದು ಬೋರು ಒಣಗಿ, ಹತ್ತು ಮಾರು ಆಚೆ ಇನ್ನೊಂದು ಉಕ್ಕುವುದನ್ನು ತುಮಕೂರು ಜಿಲ್ಲೆಯ ಎಲ್ಲರೂ ಕಂಡಿದ್ದಾರೆ. ನೀರಿಗೆ ಒಪ್ಪುವ ಈ ಮಾತನ್ನು ನೀರಿನ ಜೊತೆ ಹೋಗುವ ಕೊಳೆಗೆ ಯಾಕೆ ಒಪ್ಪಬಾರದು?

ಮೊದಲ ಕಚೇರಿಯಲ್ಲಿ ನಮ್ಮ ನೋಟ್‌ಬುಕ್ಕು ನೋಡಿ ನಕ್ಕರು. "ಅಮ್ಮಾ, ಅರಿಶಿನ ಎಲ್ಲ ಟೆಸ್ಟ್ ಅಲ್ಲ. ಲ್ಯಾಬ್ ರಿಪೋರ್ಟ್ ತಗೊಂಡು ಬನ್ನಿ." ನ್ಯಾಯವಾದ ಮಾತೇ. ಚೀಟಿ ಹಣದಲ್ಲಿ ಒಂದಿಷ್ಟು ಸೇರಿಸಿ ಎರಡು ಬಾಟಲು ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಿದೆವು. ಕುಡಿಯುವ ನೀರಿನ ಪಿಹೆಚ್ 6.5ರಿಂದ 8.5ರ ಒಳಗಿರಬೇಕೆಂಬುದು ಭಾರತೀಯ ಮಾನಕ. ನಮ್ಮ ಬೋರಿಂಗಿನದು 10ನ್ನು ದಾಟಿತ್ತು. ರಿಪೋರ್ಟು ಹಿಡಿದು ಎರಡನೆಯ ಕಚೇರಿಗೆ ಹೋದೆವು. "ಇದು ಕಾರ್ಖಾನೆಯಿಂದಲೇ ಆಯ್ತು ಅನ್ನೋದಕ್ಕೆ ಪ್ರೂಫ್ ಏನಿದೆ?" ಎಂದರು. ಮೂರನೆಯ ಕಡೆ ಇನ್ನೂ ಮೆತ್ತಗೆ ಮಾತಾಡಿದರು: "ಫ್ಯಾಕ್ಟರಿಯೇ ಇಲ್ವಲ್ಲ ತಾಯಿ, ಯಾರ ಮೇಲೆ ಕ್ರಮ ತಗೊಳ್ಳೋಣ?" ಕೊನೆಗೆ ಒಂದು ದಿನ ಇಬ್ಬರು ಬಂದು ಬೀದಿ ಬೋರಿಂಗಿನ ಹ್ಯಾಂಡಲ್ ಬಿಚ್ಚಿಕೊಂಡು ಹೋದರು. ತನಿಖೆಯೆಂದರೆ ಅಷ್ಟೇ.

ಈ ಪ್ರೂಫ್ ಎಂಬ ಮಾತಿಗೆ ನನ್ನ ಸಿಟ್ಟು. ನನ್ನ ತವರು ಕುಣಿಗಲ್ಲು. ಅಲ್ಲಿಯ ದೊಡ್ಡಕೆರೆ ತುಂಬಿದ ವರ್ಷ ಕೆಳಗಿನ ಬಾವಿಗಳಲ್ಲಿ ಕೊಡ ಬಗ್ಗಿಸಿದರೆ ನೀರು ಸಿಗುತ್ತಿತ್ತು, ಕೆರೆ ಬತ್ತಿದರೆ ಹಗ್ಗಕ್ಕೆ ಹಗ್ಗ ಗಂಟು ಹಾಕಬೇಕಾಗುತ್ತಿತ್ತು. ಕೆರೆಯ ನೀರು ನೆಲದೊಳಗೆ ನಡೆದು ಬಾವಿಗೆ ಬರುತ್ತದೆ ಎನ್ನಲು ನಮ್ಮಜ್ಜಿ ಯಾವ ಲ್ಯಾಬಿನ ಕಾಗದ ತಂದಿದ್ದಳು? ಯಾರೂ ಕೇಳಲಿಲ್ಲ, ಏಕೆಂದರೆ ಅದರಿಂದ ಯಾರಿಗೂ ನಷ್ಟವಿರಲಿಲ್ಲ. ಒಳ್ಳೆಯ ನೀರು ನಡೆದು ಬಂದರೆ ಅದು ಅನುಭವ, ಕೆಟ್ಟ ನೀರು ನಡೆದು ಬಂದರೆ ಅದಕ್ಕೆ ಪುರಾವೆ ಬೇಕು!

ಪುರಾವೆ ಬೇಡವೆಂದು ನಾನು ಹೇಳುತ್ತಿಲ್ಲ. ಅರಿಶಿನ ಹೇಳುವುದು ಸುಣ್ಣದ ಮಾತನ್ನು ಮಾತ್ರ. ಕ್ರೋಮಿಯಂ, ನೈಟ್ರೇಟು, ನಮ್ಮ ಪಾವಗಡದ ಕಡೆಯವರ ಹಲ್ಲು ಮೂಳೆ ಕೆಡಿಸಿದ ಫ್ಲೋರೈಡು, ಇವು ಯಾವುವೂ ಅರಿಶಿನಕ್ಕೆ ಗೊತ್ತಾಗುವುದಿಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ. ಪ್ರಯೋಗಾಲಯದಲ್ಲಿ ನಮ್ಮನ್ನು ಕೇಳಿದ್ದೂ ಅದೇ: "ಏನೇನು ಟೆಸ್ಟ್ ಮಾಡಬೇಕು ಹೇಳಿ. ಒಂದೊಂದು ಲೋಹಕ್ಕೂ ಬೇರೆ ಚಾರ್ಜು." ಆ ಗುಂಡಿಗೆ ಸುಣ್ಣದ ಜೊತೆ ಇನ್ನೇನು ಬಿತ್ತೆಂದು ನಮಗೆ ಹೇಗೆ ಗೊತ್ತಾಗಬೇಕು? ಏನನ್ನು ಹುಡುಕಬೇಕೆಂದು ಹೇಳಬಲ್ಲವನು ಒಬ್ಬನೇ, ಅವನು ಊರು ಬಿಟ್ಟು ಹೋಗಿದ್ದಾನೆ. ಸರಿಯಾದ ತನಿಖೆಯೆಂದರೆ ಮೊದಲು ಅವನ ದಾಸ್ತಾನು ಪುಸ್ತಕ ನೋಡಬೇಕು. ಗುಂಡಿಯ ಮಣ್ಣನ್ನು ಬೇರೆ ಬೇರೆ ಆಳದಿಂದ ತೆಗೆದು ಪರೀಕ್ಷಿಸಬೇಕು. ಜಾಗದ ಸುತ್ತ ಸಣ್ಣ ಕೊಳವೆ ಇಳಿಸಿ, ನೀರಿನ ಮಟ್ಟ ಅಳೆದು, ಅದು ಯಾವ ಕಡೆ ಹರಿಯುತ್ತಿದೆಯೆಂದು ಕಂಡುಕೊಳ್ಳಬೇಕು. ಮೇಲಿನ ಬಾವಿಯ ನೀರನ್ನೂ ಕೆಳಗಿನ ಬಾವಿಯ ನೀರನ್ನೂ ಬೇಸಿಗೆಯಲ್ಲೊಮ್ಮೆ ಮಳೆ ನಿಂತ ಮೇಲೊಮ್ಮೆ ಹೋಲಿಸಿ ನೋಡಬೇಕು. ಇದನ್ನು ಚೀಟಿ ಹಣದಲ್ಲಿ ಹೆಂಗಸರು ಮಾಡಿಸಬೇಕೇ?

ಬೇಡವೆಂದು ಈ ದೇಶದ ನ್ಯಾಯಾಲಯ ಹೇಳಿ ಎಷ್ಟೋ ವರ್ಷಗಳಾದವು. ರಾಜಸ್ಥಾನದ ಉದಯಪುರದ ಹತ್ತಿರ ಬಿಚ್ಡಿ ಎಂಬ ಹಳ್ಳಿ. 1980ರ ದಶಕದ ಕೊನೆಯಲ್ಲಿ ಅಲ್ಲಿ ಬಣ್ಣಕ್ಕೆ ಬೇಕಾದ ಎಚ್-ಆಸಿಡ್ ಎಂಬ ರಾಸಾಯನಿಕ ತಯಾರಿಸುತ್ತಿದ್ದರು. ಕಾರ್ಖಾನೆಗಳು ನಡೆದದ್ದು ಸ್ವಲ್ಪ ಕಾಲ, ಉಳಿದದ್ದು ಎರಡು ಸಾವಿರ ಟನ್ನಿಗೂ ಮಿಕ್ಕ ವಿಷದ ಕೆಸರು. ಅದು ಮಳೆಯಲ್ಲಿ ಇಂಗಿ ಸುತ್ತಲಿನ ಬಾವಿಗಳ ನೀರು ಬಣ್ಣಗೆಟ್ಟು, ದನಗಳಿಗೂ ಹೊಲಕ್ಕೂ ಬಾರದಾಯಿತು. 1996ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಕೆಡಿಸಿದವರೇ ತೆರಬೇಕು, ನೆಲ ನೀರು ಶುದ್ಧಿ ಮಾಡುವ ಖರ್ಚೂ ಅವರದೇ ಎಂದು ತೀರ್ಪಿತ್ತಿತು. ಅದೇ ವರ್ಷ ಆಗಸ್ಟಿನಲ್ಲಿ ತಮಿಳುನಾಡಿನ ವೆಲ್ಲೂರು ಕಡೆಯ ಚರ್ಮ ಹದ ಮಾಡುವ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಇನ್ನೊಂದು ಮಾತು ಹೇಳಿತು: ತನ್ನ ಕೆಲಸದಿಂದ ಪರಿಸರಕ್ಕೆ ಹಾನಿಯಿಲ್ಲವೆಂದು ರುಜುವಾತುಪಡಿಸುವ ಹೊಣೆ ಉದ್ಯಮಿಯದು. ದೂರು ತಂದವರದಲ್ಲ! 1974ರ ಜಲ ಕಾಯ್ದೆಯಂತೂ ನೆಲದೊಳಗಿನ ನೀರನ್ನೂ ಹೊಳೆಯೆಂದೇ ಲೆಕ್ಕಕ್ಕೆ ತೆಗೆದುಕೊಂಡಿದೆ. ಇಷ್ಟಿದ್ದೂ ಮೇಜಿನ ಆಚೆ ಕುಳಿತವರು ಈಚೆ ನಿಂತ ಹೆಂಗಸನ್ನು ಪ್ರೂಫ್ ಕೇಳುತ್ತಾರೆ. ಅವರಿಗೆ ಕಾನೂನು ಗೊತ್ತಿಲ್ಲವೇ, ಅಥವಾ ನಮಗೆ ಗೊತ್ತಿಲ್ಲವೆಂಬ ಧೈರ್ಯವೇ?

ತೀರ್ಪು ಬಂದರೂ ಹಣ ಬರಲಿಲ್ಲವೆನ್ನುವುದು ಬೇರೆ ಕಥೆ. ಬಿಚ್ಡಿಯ ಕಂಪನಿ ಅರ್ಜಿಯ ಮೇಲೆ ಅರ್ಜಿ ಹಾಕಿಕೊಂಡು ಕಾಲ ತಳ್ಳಿ, 2011ರಲ್ಲಿ ಅದೇ ಕೋರ್ಟು 37 ಕೋಟಿಗೂ ಹೆಚ್ಚಿನ ಮೂಲ ಹಣಕ್ಕೆ ಚಕ್ರಬಡ್ಡಿ ಸೇರಿಸಿ ಕಟ್ಟುವಂತೆ ಮತ್ತೆ ಆಜ್ಞೆ ಮಾಡಬೇಕಾಯಿತು. ಆ ಹದಿನೈದು ವರ್ಷ ಬಿಚ್ಡಿಯ ಹೆಂಗಸರು ಎಲ್ಲಿಂದ ನೀರು ಹೊತ್ತರೋ.

ಭೋಪಾಲದ ಹೆಸರು ಕೇಳಿದರೆ ನಮಗೆ ನೆನಪಾಗುವುದು 1984ರ ಡಿಸೆಂಬರ್ 2ರ ರಾತ್ರಿ. ಗಾಳಿಯಲ್ಲಿ ಬಂದ ಆ ಸಾವು ಒಂದು ರಾತ್ರಿಯದು. ಆದರೆ ಆ ಯೂನಿಯನ್ ಕಾರ್ಬೈಡ್ ಕಾರ್ಖಾನೆಯವರು ಅದಕ್ಕೂ ಎಷ್ಟೋ ವರ್ಷ ಮುಂಚಿನಿಂದ ಆವರಣದ ಗುಂಡಿಗಳಲ್ಲಿ, ಹೊರಗಿನ ಕೊಳಗಳಲ್ಲಿ ತ್ಯಾಜ್ಯ ಸುರಿಯುತ್ತಿದ್ದರು. ಅದು ಸುತ್ತಲಿನ ಬಡವರ ಕೇರಿಗಳ ಕೈಪಂಪುಗಳಿಗೆ ಇಳಿಯಿತು. ಅಲ್ಲಿಯವರಿಗೆ ಶುದ್ಧ ನೀರು ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2004ರಲ್ಲಿ, ಇಪ್ಪತ್ತು ವರ್ಷದ ಮೇಲೆ. ಆವರಣದಲ್ಲಿ ಮೂಟೆ ಕಟ್ಟಿ ಇಟ್ಟಿದ್ದ 337 ಟನ್ ತ್ಯಾಜ್ಯವನ್ನು ಪೀಥಂಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ, ಕಾರ್ಖಾನೆ ನಿಂತು 40 ವರ್ಷದ ಮೇಲೆ. ಅದನ್ನೂ ತಮ್ಮೂರಿಗೆ ಬೇಡವೆಂದು ಪೀಥಂಪುರದವರು ಬೀದಿಗಿಳಿದರು. ಆ ಭೋಪಾಲದಲ್ಲಿ ಅನಿಲದಿಂದ ತಮ್ಮವರನ್ನು ಕಳೆದುಕೊಂಡೂ ಬಿಡದೆ ಹೋರಾಡಿದ ರಶೀದಾ ಬಿ, ಚಂಪಾದೇವಿ ಶುಕ್ಲಾ ಎಂಬ ಇಬ್ಬರು ಹೆಂಗಸರಿಗೆ 2004ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಪ್ರಶಸ್ತಿ ಕೊಡುವುದು ಸುಲಭ, ನೆಲ ಶುದ್ಧಿ ಮಾಡುವುದು ಕಷ್ಟ.

ಅಷ್ಟು ದೂರ ಯಾಕೆ? ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಬಸ್ಸು ಪೀಣ್ಯ ದಾಟಿಯೇ ಹೋಗುತ್ತದೆ. ಲೋಹಕ್ಕೆ ಹೊಳಪಿನ ಲೇಪ ಕೊಡುವ ಸಣ್ಣ ಸಣ್ಣ ಘಟಕಗಳಿಂದ ಇಳಿದ ಕ್ರೋಮಿಯಂ ಅಲ್ಲಿಯ ಅಂತರ್ಜಲ ಸೇರಿರುವುದು ಸರ್ಕಾರಿ ಪರೀಕ್ಷೆಗಳಲ್ಲೇ ಸಿಕ್ಕಿದೆ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು. ನಮ್ಮ ಸ್ನಾನದ ಮನೆಯ ನಲ್ಲಿ ಕನ್ನಡಿಯಂತೆ ಮಿರುಗುವುದೂ ಅಂಥ ಲೇಪದಿಂದಲೇ ಎಂಬುದನ್ನು ಬರೆಯುವಾಗ ನನಗೂ ಇರುಸುಮುರುಸಾಗುತ್ತದೆ.

ಪೀಣ್ಯದಲ್ಲಿದ್ದದ್ದು ಈಗ ನಮ್ಮ ಕಡೆಗೆ ಸಾಗಿ ಬರುತ್ತಿದೆ. ವಸಂತನರಸಾಪುರದಲ್ಲಿ ಎಕರೆಗಟ್ಟಲೆ ಕೈಗಾರಿಕಾ ಪ್ರದೇಶ, ಕುಣಿಗಲ್ಲಿನ ಅಂಚೇಪಾಳ್ಯದಲ್ಲಿ ಇನ್ನೊಂದು. ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಬರಲಿ, ನಮ್ಮ ಮಕ್ಕಳಿಗೆ ಕೆಲಸ ಬೇಡವೇ? ಕಾರ್ಖಾನೆಯ ಮೇಲೆ ನನಗೆ ಮುನಿಸಿಲ್ಲ. ನಾನು ಕೇಳುವುದಿಷ್ಟೇ: ಬರುವಾಗ ಭೂಮಿಪೂಜೆ, ಮಂತ್ರಿಗಳು, ರಿಬ್ಬನ್ನು, ಎಲ್ಲ ಉಂಟು. ಹೋಗುವಾಗ ಏನಿದೆ? ಬಾಡಿಗೆ ಮನೆ ಬಿಡುವವರೂ ಗೋಡೆಗೆ ಹೊಡೆದ ಮೊಳೆಯ ಲೆಕ್ಕ ಕೊಟ್ಟು ಹೋಗುತ್ತಾರೆ. ನೆಲದ ಲೆಕ್ಕ ಕೊಡದೆ ಕಾರ್ಖಾನೆಯವನು ಹೇಗೆ ಬೀಗ ಹಾಕಿಕೊಂಡು ಹೋಗುತ್ತಾನೆ?

ನೀರು ಎಷ್ಟು ಎಂಬುದಕ್ಕೆ ನಾವು ಚೆನ್ನಾಗಿ ಜಗಳವಾಡುತ್ತೇವೆ. ಹೇಮಾವತಿಯನ್ನು ಕುಣಿಗಲ್ ಕಡೆಗೆ ಒಯ್ಯುವ ಲಿಂಕ್ ಕಾಲುವೆ ಬೇಡವೆಂದು 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ನಡೆದ ಪ್ರತಿಭಟನೆಯನ್ನು ನೀವೆಲ್ಲ ಓದಿರಬೇಕು. ನನ್ನ ತವರು ಕುಣಿಗಲ್ಲು, ತಂಗಿಯನ್ನು ಕೊಟ್ಟಿರುವುದು ಗುಬ್ಬಿಗೆ. ಹಬ್ಬಕ್ಕೆ ಸೇರಿದರೆ ಹೋಳಿಗೆ ತಟ್ಟುವ ಹೊತ್ತಿಗೆ ಕಾಲುವೆಯ ಮಾತು ಬಂದು ಎರಡೂ ಮನೆಯ ಗಂಡಸರ ದನಿ ಏರುತ್ತದೆ. ಕಾಲುವೆಯ ನೀರು ಯಾರಿಗೆ ಎಷ್ಟು ಎನ್ನುವವರು, ಕಾಲಡಿಯ ನೀರು ಹೇಗಿದೆ ಎಂದು ಒಂದು ದಿನವಾದರೂ ಕೇಳಿದ್ದಾರೆಯೇ? ಕೊಡದೊಳಗೆ ಏನಿದೆಯೆಂದು ನೋಡುವುದು ಹೆಂಗಸರ ಪಾಲಿನ ಕೆಲಸ.

ನಾವು ಹೆಂಗಸರೂ ಏನು ಕಡಿಮೆ ಜಾಣೆಯರಲ್ಲ. ನಮ್ಮ ಬೀದಿಯ ಸುದ್ದಿ ಹಬ್ಬಿದ ತಿಂಗಳೊಳಗೆ ಆರು ಮನೆಗೆ ಫಿಲ್ಟರ್ ಬಂತು. ನನ್ನ ತಂಗಿಯೂ ಫೋನಿನಲ್ಲಿ, "ಅಕ್ಕ, ನೀನ್ಯಾಕೆ ಬಿಸಿಲಲ್ಲಿ ಆಫೀಸು ಆಫೀಸು ಅಲೀತೀಯ? ಒಂದು ಫಿಲ್ಟರ್ ಹಾಕಿಸ್ಕೊಂಡು ಸುಮ್ನಿರಬಾರದಾ?" ಎಂದಳು. ಸುಮ್ಮನಿರಲೆಂದೇ ಅಲ್ಲವೇ ಆ ಪೆಟ್ಟಿಗೆ ಇಷ್ಟು ಚೆನ್ನಾಗಿ ಮಾರಾಟವಾಗುವುದು? ಯಾರೋ ಕೆಡಿಸಿದ ನೀರನ್ನು ಶುದ್ಧಿ ಮಾಡುವ ಖರ್ಚು ನಮ್ಮ ಮನೆಯ ತಿಂಗಳ ಸಾಮಾನಿನ ಚೀಟಿಗೆ ಸೇರಿತು. ಕ್ಯಾಂಡಲ್ ಬದಲಾಯಿಸುವುದು, ಸರ್ವಿಸಿನವನಿಗೆ ಕಾಯುವುದು, ಎಲ್ಲ ನಮ್ಮ ತಲೆಗೆ. ಒಂದು ಲೋಟ ಒಳ್ಳೆಯ ನೀರಿಗೆ ಎರಡು ಮೂರು ಲೋಟ ಇನ್ನೂ ಗಡುಸಾದ ನೀರನ್ನು ಅದು ಮೋರಿಗೆ ಬಿಡುತ್ತದೆ. ಆ ಮೋರಿಯ ನೀರು ಮತ್ತೆ ಇಂಗುವುದು ಅದೇ ನೆಲಕ್ಕೆ. ಕುಡಿಯುವ ನೀರೇನೋ ಸರಿಹೋಯಿತು, ಮಗುವಿಗೆ ಸ್ನಾನ ಮಾಡಿಸುವ ನೀರು? ನಮ್ಮ ಮನೆಯ ಪಾತ್ರೆ ತೊಳೆಯಲು ಬರುವಾಕೆ ದಿನಕ್ಕೆ ಐದು ಮನೆಯಲ್ಲಿ ಅದೇ ಬೋರಿನ ನೀರಿಗೆ ಕೈ ಅದ್ದುತ್ತಾಳೆ. ಅವಳ ಬೆರಳ ಸಂದಿಯ ಬಿರುಕು ನೋಡಿದ ಮೇಲೆ ಫಿಲ್ಟರಿನ ಮಾತು ನನಗೆ ಹಿಡಿಸುವುದಿಲ್ಲ. ಹಾಕಿಸಬೇಡಿ ಎನ್ನಲಾರೆ, ನಾನೂ ಹಾಕಿಸಿದ್ದೇನೆ. ಹಾಕಿಸಿದ ರಸೀದಿಯನ್ನು ಎಸೆಯಬೇಡಿ ಎನ್ನುತ್ತೇನೆ. ಅದು ಯಾರದೋ ಸಾಲದ ಪತ್ರ.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಸ್ಥಳಗಳ ನಿರ್ವಹಣೆಯ ನಿಯಮಗಳನ್ನು ಹೊರಡಿಸಿದೆ. ಹಳೆಯ ಕಾರ್ಖಾನೆಯ ನೆಲ, ರಾಸಾಯನಿಕ ಸುರಿದ ಗುಂಡಿ, ಇಂಥವುಗಳಲ್ಲಿ ಸಂಶಯವಿರುವ ಜಾಗಗಳನ್ನು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಪಟ್ಟಿ ಮಾಡಿ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಆರು ತಿಂಗಳಿಗೊಮ್ಮೆ ಕೊಡಬೇಕು. ಮಂಡಳಿ 90 ದಿನದೊಳಗೆ ಪ್ರಾಥಮಿಕ ಪರಿಶೀಲನೆ ಮಾಡಬೇಕು, ಆಮೇಲೆ ವಿವರವಾದ ಸಮೀಕ್ಷೆ, ಹೊಣೆಗಾರ ಯಾರೆಂದು ಗುರುತಿಸುವುದು, ಶುದ್ಧಿಯ ಖರ್ಚನ್ನು ಅವನಿಂದ ವಸೂಲು ಮಾಡುವುದು. ನಿಯಮ ಬಂದಾಗ ಪತ್ರಿಕೆಗಳಲ್ಲಿ ಬಂದ ಲೆಕ್ಕ ಇದು: ದೇಶದಲ್ಲಿ ಗುರುತಿಸಿದ ಇಂಥ ಜಾಗಗಳು 103, ಶುದ್ಧಿಯ ಕೆಲಸ ಶುರುವಾಗಿದ್ದದ್ದು 7ರಲ್ಲಿ. ಇಷ್ಟು ದೊಡ್ಡ ದೇಶದಲ್ಲಿ ಕೆಟ್ಟ ನೆಲ 103 ಕಡೆ ಮಾತ್ರವೇ! ಯಾರೂ ಬರೆಸದಿದ್ದರೆ ಪಟ್ಟಿ ಉದ್ದವಾಗುವುದು ಹೇಗೆ?

ಬರೆಸುವುದು ಈಗ ನಮ್ಮ ಕೈಯಲ್ಲಿದೆ. ತುಮಕೂರಿನವರಿಗೆ ಮಹಾನಗರ ಪಾಲಿಕೆಯಿದೆ, ಕುಣಿಗಲ್ಲಿನವರಿಗೆ ಪುರಸಭೆ, ಗುಬ್ಬಿಯವರಿಗೆ ಪಟ್ಟಣ ಪಂಚಾಯಿತಿ, ಮೂವರಿಗೂ ಜಿಲ್ಲಾಧಿಕಾರಿಗಳಿದ್ದಾರೆ. ನಿಮ್ಮ ಬೀದಿಯ ಹಿಂದೆ ಮುಚ್ಚಿದ ಕಾರ್ಖಾನೆಯಿದ್ದರೆ ಅದು ಏನು ಮಾಡುತ್ತಿತ್ತು, ಕೊಳೆಯನ್ನು ಎಲ್ಲಿ ಸುರಿಯುತ್ತಿತ್ತು ಎಂದು ಅಲ್ಲಿ ದುಡಿದವರನ್ನು ಕೇಳಿ ಬರೆದುಕೊಳ್ಳಿ, ಆ ಹಿರಿಯರು ಇರುವಾಗಲೇ. ಆ ಜಾಗದಲ್ಲಿ ಸೈಟು ಮಾರಾಟಕ್ಕಿದೆಯೆಂದು ಬೋರ್ಡು ಬಿದ್ದರೆ, ವಾಸ್ತು ಕೇಳುವ ಮುಂಚೆ ಮಣ್ಣು ನೀರಿನ ಪರೀಕ್ಷೆಯ ಕಾಗದ ಕೇಳಿ. ನಮ್ಮ ಕಾಂಪೌಂಡಿನ ಮೇಲೂ ಅಂಥ ಬೋರ್ಡು ಬಿದ್ದಿದೆ. ಮೂವತ್ತು ನಲವತ್ತರ ಸೈಟು, ಪೂರ್ವಕ್ಕೆ ಮುಖ. ಸುಣ್ಣದ ಗುಂಡಿಯಿದ್ದ ಕಡೆ ಮಕ್ಕಳ ಪಾರ್ಕು ಎಂದು ಬಣ್ಣದಲ್ಲಿ ಬರೆದಿದ್ದಾರೆ.

ಕಳೆದ ಸೋಮವಾರ ನಾವು ಅರ್ಜಿ ಕೊಟ್ಟೆವು. ಜೊತೆಗೆ ನಕಾಶೆ, ಲ್ಯಾಬ್ ರಿಪೋರ್ಟು, ಅರಿಶಿನದ ಪಟ್ಟಿ ಅಂಟಿಸಿದ ನೋಟ್‌ಬುಕ್ಕಿನ ಜೆರಾಕ್ಸು. ಜೆರಾಕ್ಸಿನಲ್ಲಿ ಹಳದಿಯೂ ಕೆಂಪೂ ಒಂದೇ ಬೂದಿ ಬಣ್ಣ ಬಂದಿತ್ತು. ಎದುರುಮನೆಯ ಹುಡುಗಿ ಅಲ್ಲೇ ಬೆಂಚಿನ ಮೇಲೆ ಕೂತು ಒಂದೊಂದರ ಕೆಳಗೂ ಪೆನ್ನಿನಿಂದ ಹಳದಿ, ಹಳದಿ, ಕೆಂಪು ಎಂದು ಬರೆದಳು. ಗುಮಾಸ್ತರು ಪುಟ ತಿರುವಿ, "ಇದನ್ನ ಯಾವ ಸೆಕ್ಷನ್‌ಗೆ ಕಳಿಸೋದು?" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. "ಮೊದಲು ಸೀಲ್ ಹಾಕಿ ಕೊಡಿ ಸಾರ್, ಸೆಕ್ಷನ್ ಆಮೇಲೆ ಹುಡುಕೋಣ" ಎಂದಳು ಅವಳು. ಸೀಲು ಬಿತ್ತು, ತಾರೀಖೂ ಬಿತ್ತು. ಆ ತಾರೀಖಿನಿಂದ 90 ದಿನ ಎಣಿಸಿ ಅವಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾಳೆ. ಯಂತ್ರ ಕಟ್ಟಿಸಿಕೊಂಡು ಬಂದಿದ್ದ ಅವಳ ಅತ್ತೆ ಈ ಸಲ ತಾವೂ ಬರುತ್ತೇನೆಂದು ಹೇಳಿದ್ದಾರೆ.